ಸಾಕೋದಾ, ಕೂಡಿಸೋದಾ, ಓದೋದಾ? ಡಿಜಿಮಾನ್ ಆಟಗಳಲ್ಲಿ ನಿಮಗೆ ಒಗ್ಗುವುದು ಯಾವುದು

ಡಿಜಿಟಲ್ ಲೋಕದ ಪ್ರಾಣಿಗಳ ಸುತ್ತ ಹೆಣೆದ ಜಪಾನಿನ ವಿಡಿಯೋ ಗೇಮ್ ಸರಣಿ ಡಿಜಿಮಾನ್. ಅದರಲ್ಲಿ ಒಂದು ಆಟ ಕೊಳ್ಳೋಣ ಅಂತ ಹೊರಟವರು ಮೊದಲು ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ಜಾಲತಾಣ ತೆರೆದು ಅಂಕ ನೋಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. 'ಡಿಜಿಮಾನ್ ವರ್ಲ್ಡ್: ನೆಕ್ಸ್ಟ್ ಆರ್ಡರ್' ನೂರಕ್ಕೆ 70ರ ಆಸುಪಾಸು. 'ಡಿಜಿಮಾನ್ ಸರ್ವೈವ್' ಕೂಡ 70ರ ಆಸುಪಾಸು. 'ಡಿಜಿಮಾನ್ ಸ್ಟೋರಿ: ಸೈಬರ್ ಸ್ಲೂತ್' ತುಸು ಮೇಲೆ. ಅಂಕ ನೋಡಿದರೆ ಮೂರೂ ಒಂದೇ ತೂಕದವು ಅನ್ನಿಸುತ್ತದೆ. ಆಡಿ ನೋಡಿದರೆ ಅವು ಒಂದೇ ಮನೆಯ ಮಕ್ಕಳು ಅಂತ ನಂಬುವುದೇ ಕಷ್ಟ.

ಈ ಮೂರನ್ನೂ ನಾನು ಪೂರ್ತಿ ಆಡಿದ್ದೇನೆ. 2025ರಲ್ಲಿ ಬಂದ 'ಟೈಮ್ ಸ್ಟ್ರೇಂಜರ್' ಕೂಡ ಆಡಿದ್ದೇನೆ. ಆಡುವ ಮೊದಲೂ ಆಡಿದ ಮೇಲೂ ವಿಮರ್ಶೆಗಳನ್ನು ಬೆನ್ನುಹತ್ತಿ ಓದಿದೆ. ಅದರಿಂದ ನನಗೆ ದಕ್ಕಿದ್ದು ಒಂದೇ ಮಾತು: ಈ ಆಟಗಳ ವಿಷಯದಲ್ಲಿ ಅಂಕಕ್ಕಿಂತ ದೂರುಗಳನ್ನು ಓದಬೇಕು. ವಿಮರ್ಶಕ ಯಾವುದನ್ನು ಕೊರತೆ ಅಂತ ಬರೆದಿರುತ್ತಾನೋ, ಅದೇ ಆಟವನ್ನು ಹತ್ತು ಸಲ ಆಡಿದವನು ಅದನ್ನೇ ಅದರ ಜೀವಾಳ ಅಂತ ಬರೆದಿರುತ್ತಾನೆ. ಆ ದೂರು ಓದಿದಾಗ ನಿಮಗೆ ಬೇಸರವಾಗುತ್ತದೋ ಆಸೆ ಹುಟ್ಟುತ್ತದೋ ಅನ್ನುವುದರ ಮೇಲೆ ಆರಿಸಿಕೊಂಡರೆ ತಪ್ಪುವುದು ಕಡಿಮೆ.

ಇಷ್ಟೊಂದು ಭಿನ್ನಾಭಿಪ್ರಾಯಕ್ಕೆ ಕಾರಣ ಹುಟ್ಟಿನಲ್ಲೇ ಇದೆ. ಪೊಕೆಮಾನ್ 1996ರಲ್ಲಿ ಬಂದಾಗ ಅದರ ಹಿಂದೆ ಇದ್ದದ್ದು ಸತೋಶಿ ತಾಜಿರಿಯ ಬಾಲ್ಯದ ಹುಳ ಹಿಡಿಯುವ ಗೀಳು. ಡಿಜಿಮಾನ್ ಬೇರೆ ಕಡೆಯಿಂದ ಬಂತು. ಬಂದಾಯ್ ಕಂಪನಿ 1996ರ ನವೆಂಬರ್‌ನಲ್ಲಿ ತಮಾಗೋಚಿ ಬಿಟ್ಟಿತು. ಅಂಗೈಯಲ್ಲಿ ಹಿಡಿಯುವ ಮೊಟ್ಟೆಯಾಕಾರದ ಆಟಿಕೆ, ಅದರೊಳಗೆ ಹಸಿವಾಗುವ, ಹೇಸಿಗೆ ಮಾಡುವ, ನೋಡಿಕೊಳ್ಳದಿದ್ದರೆ ಸಾಯುವ ಒಂದು ಪ್ರಾಣಿ. 1997ರ ಜೂನ್‌ನಲ್ಲಿ ಬಂದ ಡಿಜಿಮಾನ್ ಅದರದೇ ಗಂಡುಮಕ್ಕಳ ಆವೃತ್ತಿ. ಎರಡು ಯಂತ್ರಗಳನ್ನು ಜೋಡಿಸಿ ಇಬ್ಬರು ತಾವು ಸಾಕಿದ್ದನ್ನು ಕಾದಾಡಿಸಬಹುದಿತ್ತು. ಟಿವಿ ಕಾರ್ಟೂನ್ ಶುರುವಾದದ್ದು 1999ರ ಮಾರ್ಚ್‌ನಲ್ಲಿ. ಪ್ಲೇಸ್ಟೇಷನ್‌ನ ಮೊದಲ 'ಡಿಜಿಮಾನ್ ವರ್ಲ್ಡ್' ಅದಕ್ಕೂ ಮೊದಲೇ, ಅದೇ ವರ್ಷದ ಜನವರಿಯಲ್ಲಿ ಜಪಾನ್‌ನ ಅಂಗಡಿಗಳಲ್ಲಿತ್ತು.

ಹಾಗಾಗಿ ಒಂದರ ಬೇರು ಹಿಡಿದು ಕೂಡಿಡುವುದರಲ್ಲಿ, ಇನ್ನೊಂದರದ್ದು ತುತ್ತು ಉಣಿಸುವುದರಲ್ಲಿ. ಕಾರ್ಟೂನ್ ನೋಡಿ ಬಂದವರು ಡಿಜಿಮಾನ್ ಅಂದರೆ ಕೈಬಿಡದ ಗೆಳೆಯ ಅಂದುಕೊಳ್ಳುತ್ತಾರೆ, ಪೊಕೆಮಾನ್ ಆಡಿ ಬಂದವರು ಪಟ್ಟಿ ತುಂಬಿಸುವ ಆಟ ಅಂದುಕೊಳ್ಳುತ್ತಾರೆ, ಆ ಪುಟ್ಟ ಯಂತ್ರದ ನೆನಪಿರುವವರು ಮಾತ್ರ ಸಾವಿಗೆ ಸಿದ್ಧರಾಗಿ ಬರುತ್ತಾರೆ. ಮೂವರೂ ಒಂದೇ ಆಟಕ್ಕೆ ಅಂಕ ಕೊಟ್ಟು ಸರಾಸರಿ ತೆಗೆದರೆ 70 ಬರುವುದರಲ್ಲಿ ಆಶ್ಚರ್ಯವಿಲ್ಲ.

ನೆಕ್ಸ್ಟ್ ಆರ್ಡರ್: ನಿಜವಾಗಿ ಸಾಕಬೇಕು ಅನ್ನುವವರಿಗೆ

ಇದರ ಬಗ್ಗೆ ಹೆಚ್ಚು ಹೇಳುತ್ತೇನೆ. ತಪ್ಪಾಗಿ ಕೊಂಡು ಬೈದುಕೊಂಡವರೂ, ತಪ್ಪಾಗಿ ಬಿಟ್ಟು ಕಳೆದುಕೊಂಡವರೂ ಹೆಚ್ಚು ಇರುವುದು ಈ ಆಟದ ಸುತ್ತಲೇ.

2016ರಲ್ಲಿ ಜಪಾನ್‌ನಲ್ಲಿ ಪಿಎಸ್ ವೀಟಾ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರಕ್ಕೆ, 2017ರ ಜನವರಿಯಲ್ಲಿ ಹೊರದೇಶಗಳಿಗೆ ಪಿಎಸ್4ನಲ್ಲಿ, 2023ರ ಫೆಬ್ರವರಿಯಲ್ಲಿ ನಿಂಟೆಂಡೊ ಸ್ವಿಚ್ ಮತ್ತು ಪಿಸಿಗೆ ಬಂತು. ನಿಮಗೆ ಇಬ್ಬರು ಸಂಗಾತಿಗಳು. ಇಬ್ಬರೂ ಮೊಟ್ಟೆಯಿಂದ ಬರುತ್ತಾರೆ, ಯಾವಾಗಲೂ ನಿಮ್ಮ ಹಿಂದೆಯೇ ಓಡಾಡುತ್ತಾರೆ. ಹಸಿವಾದರೆ ತಲೆಯ ಮೇಲೆ ಗುಳ್ಳೆಯೊಂದು ಮೂಡುತ್ತದೆ, ಆಗ ಉಣಿಸಬೇಕು. ನಿದ್ದೆಯ ಹೊತ್ತಿಗೆ ಮಲಗಿಸಬೇಕು. ಶೌಚಕ್ಕೆ ಅವಸರವಾದರೆ ಹತ್ತಿರದ ಶೌಚಾಲಯ ಎಲ್ಲಿದೆ ಅಂತ ಓಡಬೇಕು. ತಡಮಾಡಿದರೆ ದಾರಿಯಲ್ಲೇ ಆಗಿಹೋಗುತ್ತದೆ, ಅದು ಮುಂದಿನ ರೂಪಾಂತರದ ಮೇಲೂ, ಅಂದರೆ ಅದು ಬೆಳೆದು ಯಾವ ಹೊಸ ಡಿಜಿಮಾನ್ ಆಗುತ್ತದೆ ಅನ್ನುವುದರ ಮೇಲೂ, ಪರಿಣಾಮ ಬೀರುತ್ತದೆ. ಕಾದಾಟದಲ್ಲಿ ಅವು ತಮ್ಮಷ್ಟಕ್ಕೆ ಹೊಡೆದಾಡುತ್ತವೆ. ನೀವು ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತೀರಿ, ಸರಿಯಾದ ಹೊತ್ತಿಗೆ ಗುಂಡಿ ಒತ್ತಿದರೆ ಆರ್ಡರ್ ಪಾಯಿಂಟ್ ಕೂಡುತ್ತವೆ, ಅದನ್ನು ಖರ್ಚು ಮಾಡಿ ದೊಡ್ಡ ಪೆಟ್ಟು ಹಾಕಿಸುತ್ತೀರಿ. ಕೈಯಲ್ಲಿ ಕತ್ತಿ ಹಿಡಿದು ಆಡುವವರಿಗೆ ಇದು ಸಪ್ಪೆ. ಮಗುವಿನ ಕಬಡ್ಡಿ ಪಂದ್ಯವನ್ನು ಗೆರೆಯಾಚೆ ನಿಂತು ನೋಡಿದವರಿಗೆ ಆ ಚಡಪಡಿಕೆ ಚೆನ್ನಾಗಿ ಗೊತ್ತು.

ಕೆಲವು ವಾರ, ಅಂದರೆ ಆಟದೊಳಗಿನ ವಾರ, ಕಳೆದ ಮೇಲೆ ಅವು ಮುದಿಯಾಗಿ ಸಾಯುತ್ತವೆ. ಮತ್ತೆ ಮೊಟ್ಟೆ, ಮತ್ತೆ ಮರಿ. ಹಿಂದಿನ ಜನ್ಮದ ಬಲದಲ್ಲಿ ಒಂದು ಪಾಲು ಮಾತ್ರ ಮುಂದಿನದಕ್ಕೆ ಬರುತ್ತದೆ. ಬೆಟ್ಟ ಕೆಡವುವ ದೈತ್ಯನ ಜೊತೆ ತಿರುಗಾಡುತ್ತಿದ್ದವರು ಮಾರನೆಯ ದಿನ ಕಾಲಬುಡದಲ್ಲಿ ಪುಟಿಯುವ ಎರಡು ಚೆಂಡುಗಳನ್ನು ಕರೆದುಕೊಂಡು ಜಿಮ್‌ಗೆ ಹೋಗಬೇಕು.

ವಿಮರ್ಶಕರ ಮುಖ್ಯ ದೂರು ಇದೇ. ಪ್ರತಿ ಜನ್ಮದಲ್ಲೂ ಫ್ಲೋಶಿಯಾ ಊರಿನ ಜಿಮ್‌ನಲ್ಲಿ ಅದೇ ತಾಲೀಮು, ಅದೇ ಪಟ್ಟಿ, ಅದೇ ಗುಂಡಿ. ಕಥೆ ಬಿಸಿಯೇರುತ್ತಿದ್ದ ಹೊತ್ತಿಗೆ ಸಂಗಾತಿ ಸತ್ತು ಎಲ್ಲವೂ ನಿಂತುಬಿಡುತ್ತದೆ ಅನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಮೊದಲ ಎರಡು ಜನ್ಮಗಳಲ್ಲಿ ನಾನೂ ಸೋತು ಕೂತಿದ್ದೇನೆ. ವಿಮರ್ಶಕರ ಪರವಾಗಿ ಇನ್ನೊಂದು ಮಾತೂ ಹೇಳಬೇಕು: ಅವರಿಗೆ ಬರೆದು ಮುಗಿಸಲು ಸಿಗುವ ಹೊತ್ತು ಕಡಿಮೆ. ಆರಾಮವಾಗಿ ತಿಂಗಳುಗಟ್ಟಲೆ ಸಂಜೆ ಒಂದೊಂದು ಗಂಟೆ ಆಡಬೇಕಾದದ್ದನ್ನು ಅವಸರದಲ್ಲಿ ಮುಗಿಸಲು ಕೂತರೆ ಆ ತಾಲೀಮು ಯಾರಿಗಾದರೂ ಜೀತದಂತೆ ಕಾಣುತ್ತದೆ.

ಆಟಗಾರರು ಹೇಳುವುದು ಬೇರೆ. ಮೂರನೆಯ, ನಾಲ್ಕನೆಯ ಜನ್ಮಕ್ಕೆ ಆಟ ತಾನೇ ಬಿಚ್ಚಿಕೊಳ್ಳುತ್ತದೆ. ಊರಿನ ಹೊರಗೆ ಅಲೆದಾಡಿ ಒಬ್ಬೊಬ್ಬ ಡಿಜಿಮಾನ್‌ನ ಮನವೊಲಿಸಿ ಫ್ಲೋಶಿಯಾಗೆ ಕಳಿಸಿದರೆ ಅವರು ಬಂದು ಅಂಗಡಿ ತೆರೆಯುತ್ತಾರೆ, ಊರು ಬೆಳೆಯುತ್ತದೆ, ಜಿಮ್ ಸುಧಾರಿಸುತ್ತದೆ, ಟೇಮರ್, ಅಂದರೆ ಸಾಕುವವನಾಗಿ ನಿಮ್ಮ ಸ್ವಂತ ಕೌಶಲಗಳೂ ಏರುತ್ತವೆ. ಸಂಗಾತಿ ಸಾಯುತ್ತದೆ, ಊರು ಉಳಿಯುತ್ತದೆ. ಮೊದಲ ಜನ್ಮದಲ್ಲಿ ಏದುಸಿರು ಬಿಟ್ಟು ಗಳಿಸಿದ ಬಲ ಐದನೆಯ ಜನ್ಮದಲ್ಲಿ ಚುರುಕಾಗಿ ಬರುತ್ತದೆ. ರೂಪಾಂತರಕ್ಕೆ ಬಲ ಮಾತ್ರ ಸಾಲದು. ತೂಕ, ಶಿಸ್ತು, ಒಡನಾಟ, ಸಾಕುವಾಗ ಆದ ತಪ್ಪುಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ಷರತ್ತುಗಳು ಮೊದಲೇ ಕಾಣುವುದಿಲ್ಲ, ಆಡುತ್ತ ಆಡುತ್ತ ಒಂದೊಂದೇ ಬಯಲಾಗುತ್ತವೆ.

ನನ್ನ ಮೊದಲ ಸಲದ ಸಂಗಾತಿಗಳಲ್ಲಿ ಒಂದು ಕೊನೆಗೆ ನುಮೆಮಾನ್ ಆಯಿತು. ಹಸಿರು ಬಣ್ಣದ, ಜೊಲ್ಲು ಸುರಿಸುವ, ಬಸವನಹುಳದಂತಹ ಜೀವಿ. ಸಾಕಲು ಬಾರದವನಿಗೆ ಆಟ ಕೊಡುವ ಪ್ರಮಾಣಪತ್ರ ಅದು. ಆಗ ರಜೆಗೆ ಬಂದಿದ್ದ ಅಕ್ಕನ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು, ಒಂಬತ್ತು ವರ್ಷ. ಅವಳಿಗೆ ಅದೇ ಇಷ್ಟವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಅದಕ್ಕೆ ದಿನಾ ತಾನೇ ಊಟ ಹಾಕಬೇಕು ಅಂತ ಹಟ. ಒಂದು ಸಂಜೆ ಅದರ ಆಯುಷ್ಯ ಮುಗಿಯಿತು. "ಮಾವಾ, ನಿಜವಾಗ್ಲೂ ಸತ್ತೋಯ್ತಾ? ಬೆಳಿಗ್ಗೆ ಸೇವ್ ಮಾಡಿದ್ವಲ್ಲ, ಅಲ್ಲಿಂದ ಆಡೋಣ" ಅಂದಳು. ಹಳೆಯ ಸೇವ್‌ನಿಂದ ಶುರುಮಾಡಿದರೂ ನಾಳೆ ಇದೇ ಆಗುತ್ತದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೊಸ ಮೊಟ್ಟೆಗೆ ಹಳೆಯದರ ಹೆಸರನ್ನೇ ಇಟ್ಟಳು. ಇಂಥ ಹೊತ್ತನ್ನು ಈ ಪಟ್ಟಿಯ ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ವಿಮರ್ಶೆಗಳಲ್ಲಿ ಅದು "ಪ್ರಗತಿಗೆ ಅಡ್ಡಿ" ಅನ್ನುವ ತಲೆಬರಹದ ಕೆಳಗೆ ಬರುತ್ತದೆ.

ಕೊಳ್ಳುವುದಾದರೆ 2023ರ ಆವೃತ್ತಿ ಕೊಳ್ಳಿ. ಅದರಲ್ಲಿ ಹೊಸಬರಿಗಾಗಿ ಸುಲಭದ ಹಂತ ಸೇರಿಸಿದ್ದಾರೆ, ವೇಗವಾಗಿ ಓಡುವ ಸೌಲಭ್ಯವಿದೆ. ಆ ವಿಶಾಲ ಬಯಲುಗಳಲ್ಲಿ ನಡೆದು ನಡೆದು ಬೇಸತ್ತವರಿಗೆ ಆ ಓಟ ಒಂದು ದೊಡ್ಡ ಉಪಕಾರ.

ಒಂದು ಎಚ್ಚರಿಕೆ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಬೇರೆ ಆಟಗಳಿಗೆ ಆ ಎರಡು ಗಂಟೆ ಸಾಕು. ಈ ಆಟದಲ್ಲಿ ಅಷ್ಟರೊಳಗೆ ನಿಮ್ಮ ಮೊದಲ ಸಂಗಾತಿಗಳಿಗೆ ಮುಪ್ಪೂ ಬಂದಿರುವುದಿಲ್ಲ. ಆಟ ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುವುದು ಮೊದಲ ಸಾವಿನ ಮಾರನೆಯ ಬೆಳಿಗ್ಗೆ ಮತ್ತೆ ಜಿಮ್ ಬಾಗಿಲಿಗೆ ಹೋದಾಗ.

ಸೈಬರ್ ಸ್ಲೂತ್: ಕೂಡಿಸುವವರಿಗೆ, ಲೆಕ್ಕ ಹಾಕುವವರಿಗೆ

2015ರಲ್ಲಿ ವೀಟಾದಲ್ಲಿ ಶುರುವಾಗಿ, 'ಹ್ಯಾಕರ್ಸ್ ಮೆಮೊರಿ' ಅನ್ನುವ ಜೊತೆಗಥೆಯೊಂದಿಗೆ 2019ರ ಅಕ್ಟೋಬರ್‌ನಲ್ಲಿ 'ಕಂಪ್ಲೀಟ್ ಎಡಿಷನ್' ಆಗಿ ಸ್ವಿಚ್ ಮತ್ತು ಪಿಸಿಗೆ ಬಂತು. ಒಂದೇ ದುಡ್ಡಿಗೆ ಎರಡು ದೊಡ್ಡ ಆಟ, 300ಕ್ಕೂ ಹೆಚ್ಚು ಡಿಜಿಮಾನ್‌ಗಳು. ಟೋಕಿಯೋದ ನಕಾನೋ, ಶಿಂಜುಕು, ಶಿಬುಯಾ ಬೀದಿಗಳಲ್ಲೂ ಈಡನ್ ಎಂಬ ಜಾಲಲೋಕದಲ್ಲೂ ಕಥೆ ನಡೆಯುತ್ತದೆ. ನಾಯಕ ಅರ್ಧ ದೇಹವನ್ನು ಡೇಟಾಗೆ ಕಳೆದುಕೊಂಡು, ನಕಾನೋದಲ್ಲಿ ಪತ್ತೇದಾರಿ ಕಚೇರಿ ನಡೆಸುವ ಕ್ಯೋಕೋ ಕುರೆಮಿಯ ಸಹಾಯಕನಾಗುತ್ತಾನೆ.

ಇಲ್ಲಿ ನಿಮ್ಮ ಡಿಜಿಮಾನ್‌ಗಳು ಸಾಯುವುದಿಲ್ಲ. ಒಂದು ಡಿಜಿಮಾನ್ ಎದುರಾದಾಗಲೆಲ್ಲ ಅದರ ಸ್ಕ್ಯಾನ್ ತಂತಾನೇ ಏರುತ್ತದೆ, ಶೇ. 100 ಆದರೆ ಅದರ ಪ್ರತಿ ನಿಮ್ಮದು. ಶೇ. 200ರವರೆಗೆ ಕಾದರೆ ಇನ್ನೂ ಒಳ್ಳೆಯದು ಸಿಗುತ್ತದೆ. ಎಷ್ಟು ಸಲ ಬೇಕಾದರೂ ಮೇಲಿನ ರೂಪಕ್ಕೆ ಏರಿಸಿ, ಕೆಳಗಿಳಿಸಿ, ಬೇರೆ ಕವಲಿಗೆ ಹತ್ತಿಸಬಹುದು. ಹಾಗೆ ಏರಿಳಿದಂತೆ ಎಬಿಐ ಅನ್ನುವ ಅಂಕ ಬೆಳೆಯುತ್ತದೆ, ಅದು ಬೆಳೆದರೆ ದೊಡ್ಡ ರೂಪಗಳ ಬಾಗಿಲು ತೆರೆಯುತ್ತದೆ. ವ್ಯಾಕ್ಸಿನ್, ವೈರಸ್, ಡೇಟಾ ಎಂಬ, ಒಂದು ಇನ್ನೊಂದನ್ನು ಮಣಿಸುವ ಮೂರು ಬಗೆಗಳ ಮೇಲಾಟದ ಮೇಲೆ ಇನ್ನೂ ಒಂಬತ್ತು ಬಗೆಯ ಗುಣಗಳನ್ನು ಹೇರಿದ್ದಾರೆ. ಒಂದು ಪುಸ್ತಕ, ಪೆನ್ನು ಪಕ್ಕದಲ್ಲಿಟ್ಟುಕೊಂಡು ಕವಲುಗಳನ್ನು ಬರೆದುಕೊಳ್ಳುವ ಚಟ ಇದ್ದವರಿಗೆ ಇದು ಹಬ್ಬ.

ವಿಮರ್ಶಕರೂ ಆಟಗಾರರೂ ಇಲ್ಲಿ ಬಹುಮಟ್ಟಿಗೆ ಒಪ್ಪುತ್ತಾರೆ, ಹಾಗಾಗಿ ಆರಿಸುವುದು ಸುಲಭ. ಜಾಲಲೋಕದ ಗುಹೆಗಳು ಒಂದರಂತೆ ಇನ್ನೊಂದು, ಉದ್ದನೆಯ ನೀಲಿ ಓಣಿಗಳು. ಶುರುವಿನ ಗಂಟೆಗಳು ನಿಧಾನ. ಇಂಗ್ಲಿಷ್ ಅನುವಾದದಲ್ಲಿ ಅಲ್ಲಲ್ಲಿ ಎಡವಟ್ಟು. 'ಹ್ಯಾಕರ್ಸ್ ಮೆಮೊರಿ' ಹಳೆಯ ಜಾಗಗಳನ್ನೇ ಮತ್ತೆ ತಿರುಗಿಸುತ್ತದೆ. ಇವೆಲ್ಲ ಹೌದು. ಕೂಡಿಸುವ ಗೀಳು ಇರುವವನಿಗೆ ಇವು ಯಾವುವೂ ಅಡ್ಡ ಬರುವುದಿಲ್ಲ, ಇಲ್ಲದವನಿಗೆ ಹದಿನೈದನೆಯ ಗಂಟೆಗೆ ಮುಗಿದುಹೋಗುತ್ತದೆ. ನನ್ನ ಒಂದು ಸಲಹೆ: ಎರಡನ್ನೂ ಬೆನ್ನುಬೆನ್ನಿಗೆ ಆಡಬೇಡಿ. ಮೊದಲ ಕಥೆ ಮುಗಿಸಿ ಕೆಲವು ತಿಂಗಳು ಬಿಟ್ಟು, ತನ್ನ ಖಾತೆ ಕದ್ದವರನ್ನು ಹುಡುಕುವ ಕೇಸುಕೆಯ ಕಥೆಗೆ ಬಂದರೆ ಆ ಹಳೆಯ ಬೀದಿಗಳು ಬೇಸರ ತರುವುದಿಲ್ಲ, ಪರಿಚಿತ ಊರಿಗೆ ಮರಳಿದ ಹಾಗಿರುತ್ತದೆ. 'ಹ್ಯಾಕರ್ಸ್ ಮೆಮೊರಿ'ಯ ಗೆಳೆಯರ ಗುಂಪು ಮೊದಲ ಆಟದವರಿಗಿಂತ ಮನಸ್ಸಿಗೆ ಹತ್ತಿರವಾದದ್ದು ನನಗೆ.

ಸರ್ವೈವ್: ಇದು ಓದುವ ಆಟ, ಮೊದಲೇ ತಿಳಿದಿರಲಿ

2018ರಲ್ಲಿ ಘೋಷಣೆಯಾಗಿ, ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2022ರ ಜುಲೈನಲ್ಲಿ ಬಂತು. ನಾಲ್ಕು ವರ್ಷ ಕಾದವರಲ್ಲಿ ಬಹಳಷ್ಟು ಮಂದಿ ಚೌಕದ ಮನೆಗಳ ಮೇಲೆ ಕಾಯಿ ನಡೆಸುವ ಯುದ್ಧದ ಆಟಕ್ಕೆ ಕಾದಿದ್ದರು. ಬಂದದ್ದು ಚಿತ್ರಗಳ ಜೊತೆ ಓದುತ್ತಾ ಹೋಗುವ ಕಥೆ, ನಡುನಡುವೆ ಕೆಲವು ಕಾದಾಟ. ಇದು ಮುಖ್ಯವಾಗಿ ಓದುವ ಆಟ ಅಂತ ತಯಾರಕರು ಬಿಡುಗಡೆಗೆ ಮೊದಲೇ ಹೇಳಿದ್ದರೂ ಆ ಮಾತು ಎಲ್ಲರ ಕಿವಿಗೂ ಬಿದ್ದಿರಲಿಲ್ಲ. ಬಿಡುಗಡೆಯ ವಾರದಲ್ಲಿ ಬಂದ ಸಿಟ್ಟಿನ ಅಭಿಪ್ರಾಯಗಳಲ್ಲಿ ಹೆಚ್ಚಿನವು ಹೋಳಿಗೆ ಅಂದುಕೊಂಡು ಚಪಾತಿ ಮುರಿದವರವು.

ಚಪಾತಿಯಾಗಿ ತಿಂದರೆ ರುಚಿ ಇದೆ. ಶಿಬಿರಕ್ಕೆ ಹೋದ ಮಕ್ಕಳು ಬೇರೊಂದು ಲೋಕದಲ್ಲಿ ಸಿಕ್ಕಿಬೀಳುತ್ತಾರೆ. ಕಾರ್ಟೂನ್‌ನ ಮೊದಲ ಕಂತಿನದೇ ನೆನಪು. ಆದರೆ ಇಲ್ಲಿ ಆ ಮಕ್ಕಳು ಸಾಯಬಹುದು, ತೀರಾ ಕೆಟ್ಟ ರೀತಿಯಲ್ಲಿ. ನಾಯಕ ತಕುಮಾ ಕೊಡುವ ಉತ್ತರಗಳು ಮೂರು ಬಗೆಯ ಗುಣಗಳಾಗಿ ಕೂಡುತ್ತವೆ, ಅವನ ಸಂಗಾತಿ ಅಗುಮಾನ್ ಯಾವ ರೂಪ ತಾಳುತ್ತದೆ ಅನ್ನುವುದನ್ನೂ ಕಥೆ ಯಾವ ದಾರಿ ಹಿಡಿಯುತ್ತದೆ ಅನ್ನುವುದನ್ನೂ ಅವೇ ನಿರ್ಧರಿಸುತ್ತವೆ. ಸಾಕುವುದು ಇಲ್ಲಿ ಊಟ ಹಾಕುವುದರಲ್ಲಿ ಇಲ್ಲ, ನೀವು ಆಡುವ ಮಾತಿನಲ್ಲಿದೆ. ಕಾದಾಟ ಮಾತ್ರ ನಿಜಕ್ಕೂ ತೆಳು. ಅದರಲ್ಲಿ ವಿಮರ್ಶಕರ ಮಾತು ಸರಿ. ಎಲ್ಲರೂ ಉಳಿಯುವ ದಾರಿ ಬೇಕೆಂದರೆ ಒಮ್ಮೆ ಮುಗಿಸಿ ಎರಡನೆಯ ಸಲ ಆಡಬೇಕು, ಓದಿದ್ದನ್ನು ಸರಸರನೆ ದಾಟಿಸಬಹುದಾದರೂ ತಾಳ್ಮೆ ಬೇಡುತ್ತದೆ.

ಇಂಗ್ಲಿಷ್ ಸರಾಗವಾಗಿ ಓದಲು ಬಾರದ ಮಕ್ಕಳಿಗೆ ಇದನ್ನು ಕೊಡಿಸಬೇಡಿ. ಈ ನಾಲ್ಕರಲ್ಲಿ ಯಾವುದೂ ಕನ್ನಡದಲ್ಲಿ ಇಲ್ಲ. ನೆಕ್ಸ್ಟ್ ಆರ್ಡರ್‌ನಲ್ಲಿ ಶುರುವಿನ ವಿವರಣೆಗಳನ್ನು ದೊಡ್ಡವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಆಮೇಲೆ ಹಸಿವಿನ ಗುಳ್ಳೆ, ನಿದ್ದೆಯ ಗುಳ್ಳೆ ನೋಡಿಯೇ ಮಗು ಆಡಿಕೊಳ್ಳುತ್ತದೆ. ಸರ್ವೈವ್‌ನಲ್ಲಿ ಭಾಷೆ ಹೋದರೆ ಆಟವೇ ಹೋಯಿತು. ಸಾವಿನ ದೃಶ್ಯಗಳ ಕಾರಣಕ್ಕೂ ಚಿಕ್ಕವರಿಗೆ ಬೇಡ.

ಟೈಮ್ ಸ್ಟ್ರೇಂಜರ್: ಹೊಸಬರು ಇಲ್ಲಿಂದ ಶುರುಮಾಡಿ

2025ರ ಅಕ್ಟೋಬರ್‌ನಲ್ಲಿ ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿಗೆ ಬಂತು. ಸೈಬರ್ ಸ್ಲೂತ್ ಮಾಡಿದ ಮೀಡಿಯಾ ವಿಷನ್ ಕಂಪನಿಯವರದೇ. 450ಕ್ಕೂ ಹೆಚ್ಚು ಡಿಜಿಮಾನ್‌ಗಳು. ವಿಮರ್ಶಕರ ಅಂಕ ಉಳಿದ ಮೂರಕ್ಕಿಂತ ಮೇಲಿದೆ, ಆಟಗಾರರ ಅಭಿಪ್ರಾಯವೂ ಅದೇ ದಿಕ್ಕಿನಲ್ಲಿದೆ. ಈ ಕುಟುಂಬದಲ್ಲಿ ಇಬ್ಬರೂ ಹೀಗೆ ಒಟ್ಟಿಗೆ ತಲೆದೂಗಿದ್ದು ಅಪರೂಪ.

ಸ್ಕ್ಯಾನ್, ಏರಿಳಿತ, ಮೂರರ ಮೇಲಾಟ ಎಲ್ಲವೂ ಹಳೆಯ ಜಾಡೇ. ಹಳೆಯ ದೂರುಗಳಿಗೆ ಮಾತ್ರ ಉತ್ತರ ಕೊಟ್ಟಿದ್ದಾರೆ. ಕಾದಾಟದ ವೇಗ ಹೆಚ್ಚಿಸಿಕೊಳ್ಳಬಹುದು, ತಂತಾನೇ ನಡೆಯಲು ಬಿಡಬಹುದು. ಇಲಿಯಡ್ ಅನ್ನುವ ಡಿಜಿಟಲ್ ಲೋಕದಲ್ಲಿ ನೀಲಿ ಓಣಿಗಳ ಬದಲು ಡಿಜಿಮಾನ್‌ಗಳು ಬದುಕುವ ಊರುಗಳಿವೆ, ಬೀದಿಯಲ್ಲಿ ಅವು ವ್ಯಾಪಾರ ಮಾಡುತ್ತಾ, ಜಗಳಾಡುತ್ತಾ ಇರುವುದನ್ನು ನೋಡುವುದೇ ಒಂದು ಸುಖ. ನಿಮ್ಮ ಡಿಜಿಮಾನ್‌ನ ಮೇಲೆ ಕೂತು ಸವಾರಿ ಹೋಗಬಹುದು. ಶುರು ನಿಧಾನ ಅನ್ನುವ ದೂರು ಇದಕ್ಕೂ ಇದೆ, ಅದು ನ್ಯಾಯವೇ. ಇಲಿಯಡ್ ತಲುಪುವವರೆಗೆ ತಾಳ್ಮೆ ಇರಲಿ.

ಆದರೂ ಒಂದು ಮಾತು. ಇಲ್ಲಿ ನನ್ನ ಬಳಿ ನೂರಾರು ಡಿಜಿಮಾನ್‌ಗಳು ಕೂಡಿದವು. ಅವುಗಳಲ್ಲಿ ಒಂದರ ಹೆಸರೂ ಈಗ ನೆನಪಿಲ್ಲ. ಆ ನುಮೆಮಾನ್‌ನ ಹೆಸರು ನೆನಪಿದೆ.

ಪಕ್ಕದ ಮನೆಯವರು

ಪೊಕೆಮಾನ್ ಕಡೆ ನೋಡುವವರಿಗೆ ಎರಡು ಮಾತು. 2022ರ ನವೆಂಬರ್‌ನ 'ಸ್ಕಾರ್ಲೆಟ್' ಮತ್ತು 'ವಯೊಲೆಟ್' ಮೂರೇ ದಿನದಲ್ಲಿ 1 ಕೋಟಿ ಪ್ರತಿ ಮಾರಿದವು. ಮೆಟಾಕ್ರಿಟಿಕ್‌ನಲ್ಲಿ ಅವೂ 70ರ ಗಡಿಯನ್ನು ದಾಟಿದ್ದು ಸ್ವಲ್ಪವೇ. ಅವುಗಳ ಮೇಲಿನ ದೂರು ಮಾತ್ರ ನೆಕ್ಸ್ಟ್ ಆರ್ಡರ್‌ನ ದೂರಿನಂಥದ್ದಲ್ಲ. ಚಿತ್ರ ತೊದಲುತ್ತದೆ, ಪಾತ್ರಗಳು ನೆಲದೊಳಗೆ ಹೂತುಹೋಗುತ್ತವೆ, ವೇಗ ಕುಸಿಯುತ್ತದೆ. ಇಂಥದ್ದನ್ನು ಯಾವ ಅಭಿಮಾನಿಯೂ ಜೀವಾಳ ಅನ್ನಲಾರ. ದೂರುಗಳಲ್ಲಿ ಈ ಎರಡು ಬಗೆಯನ್ನು ಬೇರೆ ಮಾಡಿಕೊಂಡು ಓದಬೇಕು: ಕೆಟ್ಟುಹೋದದ್ದು ಒಂದು, ರುಚಿ ಹಿಡಿಸದ್ದು ಇನ್ನೊಂದು. ಇನ್ನು ನಿಂಟೆಂಡೊ ಯಂತ್ರಗಳು ನಮ್ಮಲ್ಲಿ ಬಹುಕಾಲದಿಂದ ಆಮದಿನ ದಾರಿಯಲ್ಲೇ ಬರುತ್ತಿರುವುದರಿಂದ ಕೆಟ್ಟರೆ ರಿಪೇರಿಗೆ ಅಲೆದಾಟ. ಬರಿಯ ಈ ಒಂದು ಆಟಕ್ಕಾಗಿ ಸ್ವಿಚ್ ಕೊಳ್ಳಬೇಡಿ. ಡಿಜಿಮಾನ್‌ನ ನಾಲ್ಕೂ ಸ್ಟೀಮ್‌ನಲ್ಲಿ ರೂಪಾಯಿ ಬೆಲೆಗೇ ಸಿಗುತ್ತವೆ. ಹಳೆಯ ಮೂರು ರಿಯಾಯಿತಿಯ ದಿನಗಳಲ್ಲಿ ಚೆನ್ನಾಗಿ ಇಳಿಯುತ್ತವೆ, ಕಾದು ಕೊಳ್ಳಿ.

'ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್: ದ ಡಾರ್ಕ್ ಪ್ರಿನ್ಸ್' 2023ರ ಡಿಸೆಂಬರ್‌ನಲ್ಲಿ ಸ್ವಿಚ್‌ಗೆ, ಮುಂದಿನ ವರ್ಷ ಪಿಸಿಗೆ ಬಂತು. ಎರಡು ಪ್ರಾಣಿ ಬೆರೆಸಿದರೆ ಹೊಸದೊಂದು ಹುಟ್ಟುತ್ತದೆ, ಬೆರೆಸಿದ ಎರಡೂ ಇಲ್ಲವಾಗುತ್ತವೆ. ಅದೂ ಒಂದು ಬಗೆಯ ಅಗಲಿಕೆಯೇ, ಆದರೆ ಅಲ್ಲಿ ಯಾರೂ ಅಳುವುದಿಲ್ಲ, ಲೆಕ್ಕ ಸರಿಯಾಯಿತಾ ಅಂತ ನೋಡುತ್ತಾರೆ. ಸೈಬರ್ ಸ್ಲೂತ್ ಇಷ್ಟಪಟ್ಟವರಿಗೆ ಧಾರಾಳವಾಗಿ ಹೇಳಬಹುದು.

ಕೊನೆಗೂ ಒಂದೇ ಕೊಳ್ಳಲು ದುಡ್ಡಿದೆ ಅನ್ನುವವರಿಗೆ ನನ್ನ ಉತ್ತರ: ಪಿಎಸ್5 ಅಥವಾ ಗಟ್ಟಿಯಾದ ಪಿಸಿ ಇದ್ದು ಇದು ಮೊದಲ ಸಲವಾದರೆ ಟೈಮ್ ಸ್ಟ್ರೇಂಜರ್. ಹಳೆಯ ಲ್ಯಾಪ್‌ಟಾಪ್ ಆದರೆ ಸೈಬರ್ ಸ್ಲೂತ್. ಮಳೆಗಾಲದ ಒಂದು ವಾರ ರಜೆ ಸಿಕ್ಕಿ ಕಥೆ ಓದುವ ಮನಸ್ಸಿದ್ದರೆ ಸರ್ವೈವ್. ಮನೆಯಲ್ಲಿ ನಾಯಿಯನ್ನೋ ಕರುವನ್ನೋ ಸಾಕಿ ಕಳೆದುಕೊಂಡು, ಆದರೂ ಇನ್ನೊಂದನ್ನು ತಂದವರು ನೀವಾಗಿದ್ದರೆ ನೆಕ್ಸ್ಟ್ ಆರ್ಡರ್, ಎರಡನೆಯ ಮಾತಿಲ್ಲ. ಅದನ್ನು ಕೊಂಡವರು ಮೊದಲ ದಿನವೇ ನಕ್ಷೆಯಲ್ಲಿ ಶೌಚಾಲಯಗಳು ಎಲ್ಲಿವೆ ಅಂತ ಗುರುತು ಹಾಕಿಕೊಳ್ಳಿ, ಮಾಂಸ ಸದಾ ಚೀಲದಲ್ಲಿರಲಿ, ಮೊದಲ ಜನ್ಮದಲ್ಲಿ ದೊಡ್ಡ ರೂಪಕ್ಕೆ ಆಸೆಪಡದೆ ಊರಿಗೆ ಜನ ಸೇರಿಸುವುದರ ಕಡೆ ಗಮನ ಕೊಡಿ. ಹೆಸರಿಡುವಾಗ ಮಾತ್ರ ಅವಸರ ಮಾಡಬೇಡಿ. ಅದೇ ಹೆಸರನ್ನು ಮತ್ತೆ ಮತ್ತೆ ಕರೆಯಬೇಕಾಗುತ್ತದೆ.